ಚಮರಿಯೂ ಸೇತುವೆಯ ನಕ್ಷೆಯೂ

ಇದು ಗಡಿಯಂಚಿನ ಹಿಮಕಣಿವೆಯಲ್ಲಿ ನಡೆದದ್ದು. ನಾನಾಗ ಮೋಡದ ಮೇಲೆ ಮಲಗಿದ್ದೆ, ಬೇಕಾದರೆ ನಂಬಿ. ದಾಟಲು ಇದ್ದ ಹಿಮದ ಹಾಸು ಕುಸಿದು ತಾಯಿ ಚಮರಿ ಕಣಿವೆಯ ಈಚೆ ಉಳಿಯಿತು, ಹಸಿದ ಕರು ಆಚೆ. ಅಷ್ಟರಲ್ಲಿ ರಾಜಧಾನಿಯ ಕಡೆಯಿಂದ ಒಂದು ನಕ್ಷೆ ಗಾಳಿಯಲ್ಲಿ ತೇಲುತ್ತ ಬಂದಿಳಿಯಿತು.

"ಅಳಬೇಡಿ ತಾಯಿ, ಇಲ್ಲಿ ಸೇತುವೆ ಮಂಜೂರಾಗಿದೆ," ಎಂದಿತು ನಕ್ಷೆ.

"ಎಲ್ಲಪ್ಪಾ?"

"ನನ್ನ ಮೇಲೆ. ಈ ನೀಲಿ ಗೆರೆ."

"ಹಾಗಾದರೆ ದಾಟಲೇ?"

"ಅಯ್ಯೋ, ಕಾಲಿಟ್ಟರೆ ಹರಿದೇನು! ಮುಂದಿನ ಯೋಜನೆಯವರೆಗೆ ಕಾಯಿರಿ."

"ನಾನು ಕಾಯುತ್ತೇನಪ್ಪ. ಹಸಿದ ಕರು ಕಾಯುತ್ತದೆಯೇ?"

ಬಳಸುದಾರಿ ಎರಡು ದಿನದ್ದು. ಹೊಟ್ಟೆಗೆ ಏನಾದರೂ ಬಿದ್ದರೆ ತಾನೇ ಕೆಚ್ಚಲಲ್ಲಿ ಹಾಲು? ಸುತ್ತ ಒಂದೆಸಳು ಹುಲ್ಲಿಲ್ಲ. ಚಮರಿ ನಕ್ಷೆಯನ್ನು ಮಡಿಕೆ ಸಮೇತ ಬಾಯಿಗೆ ಹಾಕಿಕೊಂಡಿತು.

"ಇಷ್ಟಾದರೂ ಇಲ್ಲಿಯವರೆಗೆ ತಲುಪಿಸಿದರಲ್ಲ," ಎನ್ನುತ್ತ, ಅಗಿಯುತ್ತ, ಮಂಜಿನೊಳಗೆ ಬಳಸುದಾರಿ ಹಿಡಿಯಿತು.