ಆಡಬಾರದ ಮಾತಿನ ಡಂಗುರ

ಆ ಊರಿನ ದೊರೆಗೆ ‘ರಾಜಹತ್ಯೆ’ ಎಂಬ ಮಾತು ಕಿವಿಗೆ ಬಿದ್ದರೇ ಮೈ ಉರಿಯುತ್ತಿತ್ತು. ದೊರೆಯನ್ನು ಕೊಲ್ಲುವುದಕ್ಕೆ ಒಂದು ಹೆಸರು ಬೇರೆ! “ಆ ಮಾತು ಯಾರೇ ಆಡಲಿ, ತಲೆ ತೆಗೆಸುತ್ತೇನೆ. ಊರಿಗೆಲ್ಲ ಸಾರು” ಎಂದು ಡಂಗುರದ ಕೆಂಚಯ್ಯನಿಗೆ ಅಪ್ಪಣೆಯಾಯಿತು.

ಕೆಂಚಯ್ಯ ತಮಟೆ ಬಡಿದ. “ಕೇಳ್ರಪ್ಪೋ ಕೇಳಿ! ಒಂದು ಮಾತು ಆಡಬಾರದು. ಆಡಿದರೆ ತಲೆ ಹೋಗುತ್ತೆ!”

“ಯಾವ ಮಾತಯ್ಯಾ?” ಎಂದರು ಜನ.

“ನನಗಿರೋದೂ ಒಂದೇ ತಲೆ. ದೊರೆಗಳನ್ನೇ ಕೇಳಿ.”

ಊರಿಗೆ ಊರೇ ಅರಮನೆ ಮುಂದೆ ನೆರೆದು ಕೇಳಿತು. ದೊರೆ ರೇಗಿ ಉಪ್ಪರಿಗೆಯಿಂದ ಕೂಗಿದ: “ರಾಜಹತ್ಯೆ ಕಣ್ರೋ, ರಾಜಹತ್ಯೆ!”

ಕತ್ತಿ ಹಿಡಿದಿದ್ದ ತಳವಾರ ತಬ್ಬಿಬ್ಬಾದ.

ಕೆಂಚಯ್ಯ ಕೈಮುಗಿದ. “ಬುದ್ಧೀ, ಅಪ್ಪಣೆ ಪ್ರಕಾರ ಈಗ ತಮ್ಮ ತಲೆ ತೆಗೀಬೇಕು. ತೆಗೆದ ಮೇಲೆ ಆ ಕೆಲಸಕ್ಕೆ ಏನು ಹೆಸರು ಹೇಳಿ ಸಾರಲಿ?”

ದೊರೆ ಕುತ್ತಿಗೆ ಸವರಿಕೊಂಡ.

“ಹಳೇ ಹೆಸರೇ ಇರಲಿ ಕಣಯ್ಯಾ. ಕೆಲಸ ಮಾತ್ರ ಬೇಡ.”