ಜಾಡಿಗೆ ಇಳಿದ ಮರಿಮೋಡ

ಪ್ರಪಂಚ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಮೋಡಗಳು ಮನಸ್ಸು ಬಂದಾಗ ನೆಲಕ್ಕಿಳಿದು, ಅಂಗಳದಲ್ಲಿ ಹೊರಳಾಡಿ, ಮತ್ತೆ ಮೇಲೆ ಹೋಗುತ್ತಿದ್ದವು. ಯಾರೂ ಬೈಯುತ್ತಿರಲಿಲ್ಲ.

ಆ ಮೋಡಗಳಿಗೆಲ್ಲ ಗಾಳಿಯೇ ತಾಯಿ. ಅವಳ ಕೊನೆಯ ಮಗು ಒಂದು ಮರಿಮೋಡ, ರೊಟ್ಟಿಯಷ್ಟು ಅಗಲ. ಅದಕ್ಕೆ ಸಿಹಿ ಎಂದರೆ ಪ್ರಾಣ.

ಬೆಟ್ಟದ ಬುಡದಲ್ಲಿ ತೊಳಸಮ್ಮ ಎಂಬ ಒಂಟಿ ಹೆಂಗಸಿದ್ದಳು. ದಿನಾ ಒಂದು ಜಾಡಿ ತುಂಬ ಚಹಾ ಮಾಡಿ, ಸಕ್ಕರೆ ಬೆರೆಸಿ, ಕಿಟಕಿಯ ಹತ್ತಿರ ಆರಲು ಇಡುತ್ತಿದ್ದಳು. ಒಬ್ಬಳಿಗೆ ಅಷ್ಟೊಂದು ಚಹಾ ಯಾಕೆ ಅನ್ನುತ್ತೀಯಾ? ಯಾರಾದರೂ ಬಂದಾರು ಎಂಬ ಆಸೆ. ಯಾರೂ ಬರುತ್ತಿರಲಿಲ್ಲ.

ಒಂದು ಬೆಳಗ್ಗೆ ಮರಿಮೋಡ ಬಂತು. ಸಿಹಿಯ ವಾಸನೆ ಹಿಡಿದು, ಕಿಟಕಿಯಿಂದ ನುಸುಳಿ, ಮೆಲ್ಲಗೆ ಜಾಡಿಯೊಳಗೆ ಇಳಿಯಿತು. ಕುಡಿಯಿತು, ತೇಲಿತು, ತೂಕಡಿಸಿತು.

ತೊಳಸಮ್ಮ ಬಗ್ಗಿ ನೋಡಿದಳು. "ಯಾರಪ್ಪಾ ನೀನು?"

"ಮೋಡ," ಅಂದಿತು ಅದು ಅರೆನಿದ್ದೆಯಲ್ಲಿ. "ಚಹಾ ಚೆನ್ನಾಗೈತೆ ಕಣವ್ವಾ."

ಅವಳನ್ನು ಯಾರೂ ಅವ್ವಾ ಎಂದು ಕರೆದಿರಲಿಲ್ಲ. ತೊಳಸಮ್ಮನಿಗೆ ಕಣ್ಣು ತುಂಬಿ ಬಂತು. ಈ ಮಗು ಹಾರಿಹೋಗಬಾರದು ಅನ್ನಿಸಿತು. ಆಗ ಅವಳು ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಉಪ್ಪಿನಕಾಯಿಗೆ ಗಾಳಿ ಸೋಕಿದರೆ ಬೂಷ್ಟು ಬರುತ್ತದಲ್ಲ, ಇದಕ್ಕೂ ಹಾಗೇ ಎಂದುಕೊಂಡು ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ, ಹಗ್ಗ ಸುತ್ತಿ ಬಿಗಿದುಬಿಟ್ಟಳು. ಪ್ರೀತಿಯಿಂದಲೇ ಬಿಗಿದಳು, ಪಾಪ.

ಇತ್ತ ಗಾಳಿ ಮಗುವನ್ನು ಹುಡುಕುತ್ತಾ ಹೊರಟಳು. "ನನ್ನ ಕೊನೇ ಕೂಸು ಕಂಡೆಯಾ?" ಎಂದು ನದಿಯನ್ನು ಕೇಳಿದಳು.

"ನನ್ನ ನೀರಿನ ಮೇಲೆ ಅದರ ನೆರಳು ಬಿದ್ದಿಲ್ಲಮ್ಮ," ಅಂದಿತು ನದಿ.

ಹುಣಸೆಮರವನ್ನು ಕೇಳಿದಳು. "ನನ್ನ ಕೊಂಬೆಗೆ ಅದು ಸಿಕ್ಕಿಲ್ಲಮ್ಮ," ಅಂದಿತು ಮರ.

ಕೊನೆಗೆ ಗಾಳಿ ತೊಳಸಮ್ಮನ ಬಾಗಿಲಿಗೆ ಬಂದಳು. "ನನ್ನ ಕೂಸು ಇಲ್ಲಿಗೇನಾದರೂ ಬಂತಾ, ತಂಗೀ?"

ತೊಳಸಮ್ಮ ಜಾಡಿಗೆ ಅಡ್ಡ ನಿಂತಳು. "ಇಲ್ಲಕ್ಕಾ. ಯಾವ ಕೂಸೂ ಬಂದಿಲ್ಲ."

ಬೆನ್ನ ಹಿಂದೆ ಗುಳ್ ಗುಳ್ ಎಂದು ಸದ್ದಾಯಿತು. ಮತ್ತೆ ಸಣ್ಣಗೆ, ಗುಳ್. ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದ್ದನ್ನು ತೊಳಸಮ್ಮ ಕೇಳಿಸಿಕೊಂಡಳು. ಥಟ್ಟನೆ ಹಗ್ಗ ಬಿಚ್ಚಿ ಮುಚ್ಚಳ ತೆಗೆದಳು. ಮರಿಮೋಡ ಮುದುಡಿ ತಳಕ್ಕೆ ಇಳಿದಿತ್ತು.

"ಸುಳ್ಳು ಹೇಳಿದೆ ಅಕ್ಕಾ. ತಪ್ಪಾಯ್ತು. ಬೇಗ ಬಾ."

ಗಾಳಿ ಜಾಡಿಯ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಳು. ಮರಿಮೋಡ ಅಲುಗಿತು, ಮೇಲೆ ತೇಲಿತು, ಜಾಡಿಯ ಅಂಚಿನಿಂದ ಅಂಚಿಗೆ ಮೈ ಚಾಚಿ ತಾಯಿಯ ಮುಖ ನೋಡಿತು.

"ಬಾ, ಹೋಗೋಣ," ಅಂದಳು ಗಾಳಿ.

"ಚಹಾ ಕುಡಿದು ಭಾರ ಆಗಿದೀನವ್ವಾ, ಹಾರಕ್ಕಾಗಲ್ಲ. ಮತ್ತೆ ನಾನು ಹೋದ್ರೆ ಇವಳು ಯಾರಿಗೆ ಚಹಾ ಕಾಯಿಸ್ತಾಳೆ?"

ಗಾಳಿ ಕೂಸಿನ ಮೈ ಸವರಿದಳು. ಆಮೇಲೆ ಅಂದಳು, "ಇರಲಿ ತಂಗೀ. ಆದರೆ ನನಗೂ ನನ್ನ ಕೂಸಿಗೂ ನಡುವೆ ಮುಚ್ಚಳ ಹಾಕಬೇಡ."

ತೊಳಸಮ್ಮ ತನ್ನ ಹಳೆಯ ಸೀರೆಯ ಸೆರಗಿನಿಂದ ಒಂದು ತುಂಡು ಹರಿದು ಜಾಡಿಯ ಬಾಯಿಗೆ ಕಟ್ಟಿದಳು. ನೊಣ ಹೊರಗೇ ಉಳಿಯಿತು, ತಾಯಿ ಒಳಗೆ ಬಂದಳು. ದಿನಾ ಹುಣಸೆತೋಪು ದಾಟಿ ಬರುತ್ತಿದ್ದವಳು, ಬರುವಾಗಲೆಲ್ಲ ಒಂದು ಚಿಟಿಕೆ ಹುಳಿ ತರುತ್ತಿದ್ದಳು. ಮಗು ಸಿಹಿ ತಿಂದು ಚಹಾದಲ್ಲಿ ಹುಳಿ ಉಳಿಸುತ್ತಿತ್ತು. ಕೆಲವು ದಿನಕ್ಕೆ ಮರಿಮೋಡದ ಮೇಲೆ ಅದಕ್ಕೊಂದು ತಂಗಿಮೋಡ ಹುಟ್ಟಿತು, ಅದರ ಮೇಲೆ ಇನ್ನೊಂದು, ಹೀಗೆ ಪದರ ಪದರವಾಗಿ.

ಸುದ್ದಿ ಹಬ್ಬಿತು. ಹೆಪ್ಪು ಕೇಳಲು ಬರುವಂತೆ ಊರವರು ಬಟ್ಟಲು ಹಿಡಿದು ಬಂದರು. ತೊಳಸಮ್ಮ ಒಬ್ಬೊಬ್ಬರಿಗೂ ಒಂದು ಪದರ ಎತ್ತಿ ಕೊಟ್ಟಳು. ಕೂಸಿಗೆ ಹೊಸ ಮನೆ ಪರಕೀಯ ಅನ್ನಿಸದಿರಲೆಂದು ಜೊತೆಗೆ ಒಂದು ಲೋಟ ಹಳೆಯ ಹುಳಿ ಚಹಾವನ್ನೂ ಕೊಟ್ಟಳು. ಬಂದವರು ಕೂತರು, ಕುಡಿದರು, ಮಾತಾಡಿದರು. ಅವಳ ಜಾಡಿಯ ಚಹಾ ಆಮೇಲೆ ಯಾವತ್ತೂ ಮಿಗಲಿಲ್ಲ.

ನಮ್ಮ ಅಡುಗೆಮನೆಯಲ್ಲಿ ಕೊಂಬುಚಾ ಎಂಬ ಹುಳಿ ಚಹಾದ ಜಾಡಿಗೆ ನಿಮ್ಮಮ್ಮ ಮುಚ್ಚಳ ಹಾಕದೆ ತೆಳು ಬಟ್ಟೆ ಕಟ್ಟುವುದು, ಒಳಗೆ ಆ ಬಿಳಿ ಪದರ ಅಂಚಿನಿಂದ ಅಂಚಿಗೆ ಮೈ ಚಾಚಿ ಮೇಲ್ಮುಖವಾಗಿ ಮಲಗಿರುವುದು ಅದಕ್ಕೇ, ಮಗು; ಕಿವಿಯಿಟ್ಟಾಗ ನಿನಗೆ ಕೇಳುವ ಆ ಸಣ್ಣ ಗುಳ್ ಗುಳ್, ಮರಿಮೋಡ ಇವತ್ತೂ ತಾಯಿ ಗಾಳಿಗೆ "ಇಲ್ಲೇ ಇದೀನಿ" ಅನ್ನುತ್ತಿರುವುದು.