ನಾರಿಗುಡ್ಡಕ್ಕೆ ಆ ಹೆಸರು ಬಂದದ್ದು

ತುಂಗಭದ್ರೆಯ ಬಯಲು ದಾಟಿ ಬಡಗಣ ದಿಕ್ಕಿಗೆ ಹೊರಟರೆ, ಯಾರೋ ಚೀಲದಿಂದ ಸುರುವಿ ಮರೆತುಹೋದಂತೆ ಗುಂಡುಬಂಡೆಗಳು ಬಿದ್ದಿರುವ ನಾರಿಗುಡ್ಡ ಸಿಗುತ್ತದೆ. ಇಂದು ಅಲ್ಲಿಗೆ ಬಾರದ ವಿದ್ವಾಂಸರಿಲ್ಲ. ಚಾಚಿದ ಬಂಡೆಯಡಿಯ ಕಲ್ಲಾಸರೆಯಲ್ಲಿ ಬರೆದ ಕೆಂಪು ಗೂಳಿಗಳ ಚಿತ್ರ ನೋಡಲು ಚರಿತ್ರೆಯವರು, ಬಂಡೆಯ ವಯಸ್ಸು ಕೇಳಲು ಭೂವಿಜ್ಞಾನಿಗಳು, ಹಾಡು ಹಿಡಿಯಲು ಜಾನಪದದವರು, ದೂರದೇಶದ ಟೋಪಿ ತೊಟ್ಟವರು. ಹೆಸರು ಕೇಳಿದವರಲ್ಲಿ ಅನೇಕರು, ಗಂಡಸರೇ ಹೆಚ್ಚು, ಗುಡ್ಡದ ಏರಿಳಿತದಲ್ಲಿ ಮಲಗಿದ ಹೆಣ್ಣೊಬ್ಬಳನ್ನು ಹುಡುಕುತ್ತಾರೆ. ಹುಡುಕಿದವರಿಗೆ ಸಿಕ್ಕೂ ಸಿಗುತ್ತಾಳೆ. ಊರಿನ ಹಿರಿಯರು ಮಾತ್ರ ಬೇರೆಯೇ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಗುಡ್ಡದ ಬುಡದ ಒರತೆಗಾಗಿ ಜಗಳ ಹುಟ್ಟಿತಂತೆ. ಬಂಡೆಗೆ ಗುರುತು ಬರೆದವರ ವಂಶಕ್ಕೇ ಬುಡದ ನೀರು ಎಂಬುದು ಸೀಮೆಯ ಕಟ್ಟಳೆ. ಗೂಳಿಗಳನ್ನು ಬರೆದವರು ತನ್ನ ಹಿರಿಯರೆಂದು ಸೀಮೆಯ ಪಾಳೆಯಗಾರ ಗಿರಿಯಪ್ಪ ನಾಯಕ ಒರತೆಗೆ ಗೋಡೆ ಕಟ್ಟಲು ಕಲ್ಲು ತರಿಸಿದ. ಅಲ್ಲ, ನಮ್ಮ ಹಿರಿಯರೆಂದರು ಕುರಿಗಾರರು. ಬೇಸಿಗೆಯಲ್ಲಿ ಆ ನೀರು ತಪ್ಪಿದರೆ ಅವರ ಹಿಂಡು ಉಳಿಯುವಂತಿರಲಿಲ್ಲ. ಕೊನೆಗೆ ಎರಡು ಕಡೆಯವರೂ ಮೈಲಾರನ ಆಣೆಯಿಟ್ಟು, ಬೊಮ್ಮಕ್ಕ ಹೇಳಿದಂತೆ ನಡೆಯುತ್ತೇವೆಂದರು. ಬೊಮ್ಮಕ್ಕ ಕುರಿಗಾರರ ಮುದುಕಿ. ಆದರೂ ನಾಯಕನ ಮನೆಯ ತೊಟ್ಟಿಲ ಮುಂದೆ ವಂಶಾವಳಿ ಹಾಡುವವಳು ಅವಳೇ. ಅವಳ ಬಾಯಲ್ಲಿ ಸುಳ್ಳು ಕೇಳಿದವರಿರಲಿಲ್ಲ.

ಗುಡ್ಡ ಹತ್ತುವಾಗ ಮಗ ಮಾಳಪ್ಪ ಅವಳ ಕೈಹಿಡಿದು ನಡೆಸುತ್ತ ಪಿಸುಗುಟ್ಟಿದ: “ನಮ್ಮ ಹಿರ್ಯಾರು ಬರದದ್ದು ಅಂತ ಒಂದು ಮಾತು ಅಂದುಬಿಡವ್ವಾ. ನಾಲಿಗಿ ಏನು ಸವೀತದ?”

“ಸವೀತದಪ್ಪಾ. ಸುಳ್ಳಿಗೆ ಜಲ್ದಿ ಸವೀತದ.”

ಕಲ್ಲಾಸರೆಯೊಳಗೆ ಅವಳು ಬಹಳ ಹೊತ್ತು ನಿಂತಳು. ಬೆನ್ನ ಮೇಲೆ ಎತ್ತರದ ಹಿಣಿಲು, ಬಾಗಿದ ಕೊಂಬು, ಸಾಲುಸಾಲು ಗೂಳಿಗಳು. ತನ್ನವರ ಬದುಕೇ ಆದ ಕುರಿ ಮಾತ್ರ ಒಂದೂ ಇರಲಿಲ್ಲ. ಮೂಲೆಯಲ್ಲೆಲ್ಲಾದರೂ ಒಂದು ಮರಿ ಇದ್ದಿದ್ದರೆ ಎಂದು ಅವಳ ಜೀವ ಹಂಬಲಿಸಿತು, ಬೆರಳಾಡಿಸಿ ಹುಡುಕಿದಳು. ನಾಯಕನ ಮನೆತನ ಮೆರೆಸುವ ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ಈ ಎರಡು ಕಡೆಯವರಿಗೂ ಮೊದಲೇ ಯಾರೋ ಇಲ್ಲಿ ನೀರು ಕುಡಿದು, ಗೂಳಿಯನ್ನು ಪ್ರೀತಿಸಿ, ಹೆಸರು ಹೇಳದೆ ಹೋಗಿದ್ದರು.

“ಯಾರು ಬರದ್ರು, ಹೇಳವ್ವಾ,” ಎಂದ ನಾಯಕ.

“ನಾನರಿಯೆ.”

“ಏಳೇಳು ತಲೆಮಾರು ಒಪ್ಪಿಸ್ತಿ, ಇದು ತಿಳೀದೇನು? ಮಗ ಬಾಯಿಗೆ ಬೀಗ ಹಾಕ್ಯಾನೇನು?”

“ಅವ ಬೀಗ ತೆಗಿ ಅಂದಾನ, ದೊರೆ. ನಿಮ್ಮೋರೂ ಅಲ್ಲ, ನಮ್ಮೋರೂ ಅಲ್ಲ. ಮತ್ಯಾರು ಅಂದ್ರ, ನಾನರಿಯೆ.”

ಆಣೆಯಿಟ್ಟದ್ದರಿಂದ ನಾಯಕ, ತರಿಸಿದ್ದ ಕಲ್ಲನ್ನು ಹೊರಿಸಿಕೊಂಡು ಹಿಂತಿರುಗಿದ. ಒಡೆಯನಿಲ್ಲದ ನೀರಿಗೆ ಗೋಡೆ ಕಟ್ಟುವವರಾರು? ಕುರಿಗಾರರ ಹಿಂಡು ಉಳಿಯಿತು. ಆದರೆ ಕೈಗೆ ಬಂದ ಒರತೆಯನ್ನು ಕಳೆದವಳೆಂದು ಹಟ್ಟಿ ಬೊಮ್ಮಕ್ಕನಿಗೆ ಬೆನ್ನು ತಿರುಗಿಸಿತು. ‘ನಾನರಿಯೆ ಬಂದ್ಲು ನೋಡು’ ಎಂಬ ಗೇಲಿಯೇ ಅವಳ ಹೆಸರಾಯಿತು. ಮಗ ಕೂಡ ಒಲೆಗೆ ಕೆಂಡ ಕೊಡಲಿಲ್ಲ. ಅವಳು ಗುಡ್ಡ ಹತ್ತಿ ಆ ಕಲ್ಲಾಸರೆಯಲ್ಲೇ ಉಳಿದಳು. ನೀರಿಗೆ ಬಂದವರು ಕೊಟ್ಟದ್ದನ್ನು ಉಂಡಳು. ಗುರುತಿಲ್ಲದ ಜನ ದನಕರುಗಳೊಂದಿಗೆ ಬಂದು ಕುಡಿದು ಹೋಗುತ್ತಿದ್ದರು. ತಡೆಯಲು ಯಾರಿಗೂ ಹಕ್ಕಿರಲಿಲ್ಲ. ಮಾಳಪ್ಪ ಒಮ್ಮೆ ಬಂದ. ತಾನು ಹೊದ್ದ ಕಂಬಳಿಯನ್ನು ಬಂಡೆಯ ಮೇಲೆ ಬಿಟ್ಟು ಇಳಿದುಹೋದ. ಅದನ್ನು ಹೊದ್ದೇ ಅವಳು ತೀರಿಕೊಂಡಳು ಎನ್ನುತ್ತಾರೆ. ‘ನಾನರಿಯೆ ಗುಡ್ಡ’ ಬಾಯಿಂದ ಬಾಯಿಗೆ ಉರುಳುತ್ತ ನಾರಿಯೆಗುಡ್ಡವಾಗಿ, ನಾರಿಗುಡ್ಡವಾಗಿ ನಿಂತಿತು.

ಈಗ ಹೋದವರಿಗೆ ಅವಳ ಗುಡಿಯೇನೂ ಕಾಣದು. ಕಟ್ಟಲು ಹೊರಟವರು, ಯಾರ ಕೈಯಿಂದ ಮೊದಲ ಕಲ್ಲು ಇಡಿಸಬೇಕೆಂಬಲ್ಲೇ ಜಗಳವಾಡಿ ನಿಲ್ಲಿಸಿದರಂತೆ. ಕಾಣುವುದು ಸುತ್ತ ಬೇಲಿಯಿಲ್ಲದ ಒರತೆ; ಅದಕ್ಕೆ ಬಾಯಿಟ್ಟ ಕುರಿ, ಎಮ್ಮೆ, ಬಾಟಲಿ ತುಂಬಿಸುವ ಸಂಶೋಧಕರು. ಈ ಸೀಮೆಯಲ್ಲಿ ಹೊಸಬರು ಕಂಡರೆ ಕುಶಲಕ್ಕಿಂತ ಮೊದಲು ‘ನೀವು ಯಾರ ಪೈಕಿ’ ಎಂದು ಕೇಳುವುದು ವಾಡಿಕೆ. ಒರತೆಯ ಬಳಿ ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ಬಾಗಿದವರಿಗೆ ಸರಿದು ಜಾಗ ಬಿಡುತ್ತಾರೆ.